ನರ್ಸಿನ ಬೂಟು

ಮೊದಲ ವರ್ಷ ನನಗದು ಬರೀ ಕೆಸರು.
ಹಂಡೆ ತೊಳೆದ ನೀರಿನ ಬಣ್ಣ, ಅರ್ಧ ಮೈಲು ಅಗಲ,
ಸೆವರ್ನ್ ಅಂತ ಹೆಸರು.
ದಿನಕ್ಕೆರಡು ಸಲ ಮನಸ್ಸು ಬದಲಿಸುವ ಹೊಳೆ.

ನಾಳೆ ಬೆಳಿಗ್ಗೆ ಬೋರ್ ಬರುತ್ತೆ, ನೋಡು ಸಿಸ್ಟರ್, ಅಂದರು.
ನಮ್ಮ ಕಡೆ ಬೋರು ಅಂದರೆ ನೆಲ ಕೊರೆಯುವುದು,
ಆರುನೂರು ಅಡಿ ಇಳಿದು ಧೂಳೇ ಬಂದಾಗ
ಯಾರೂ ಯಾರ ಮುಖವನ್ನೂ ನೋಡದಿರುವುದು.
ಇಲ್ಲಿ ಬೋರೆಂದರೆ ಒಂದೇ ಒಂದು ಅಲೆ:
ಕಡಲಿನಿಂದೆದ್ದು ಹೊಳೆಗೆ ಎದುರಾಗಿ
ಸಿಟ್ಟು ಮಾಡಿಕೊಂಡು ತವರಿಗೆ ಹೊರಟವಳಂತೆ
ದಡದ ಗಿಡಗಳನ್ನೆಲ್ಲ ಸವರಿಕೊಂಡು
ಹಿಂದಿರುಗಿ ನೋಡದೆ ಹೋಗುವುದು.

ಆಬ್ರಿ ವಿಂಟಲನ ಕಾಲಿನ ಹುಣ್ಣಿಗೆ
ಮಂಗಳವಾರ, ಶುಕ್ರವಾರ ಪಟ್ಟಿ ಕಟ್ಟುವುದು ನನ್ನ ಕೆಲಸ.
ಸೊಂಟದ ನೀರಲ್ಲಿ ಅರವತ್ತು ವರ್ಷ ನಿಂತು
ಕವೆಗೋಲಿನ ಬಲೆಗೆ ಸಾಲ್ಮನ್ ಎತ್ತಿದ ಕಾಲು.
ಹಳೆ ಪಟ್ಟಿ ಬಿಚ್ಚುವಾಗ ನೋವು ನುಂಗಲು
ಕಿಟಕಿಯಾಚೆ ಬೆರಳು ಚಾಚಿ ಮರಳದಿಬ್ಬಗಳ ಹೆಸರು ಹೇಳುವನು.
ಅಗೋ ಹಂದಿಬೆನ್ನು. ಅದರಾಚೆ ಅತ್ತೆಯ ಮಂಚ.
ಅದು ಬ್ರೆಡ್ಡಿನ ಬಂಡೆ, ಅಲ್ಲಿ ನಿಂತವನಿಗೆ ಅವತ್ತಿನ ಊಟಕ್ಕೆ ಮೋಸವಿಲ್ಲ.
ಇದು ಎರಡನೇ ಜಾನ್, ಹತ್ತಿರ ಸುಳಿಯಬೇಡ.
ಮೊದಲನೇ ಜಾನ್ ಎಲ್ಲಿ, ಅಂದೆ.
ಅವನು ಈಜಿ ದಡ ಸೇರಿದ,
ಅದಕ್ಕೇ ಅವನ ಹೆಸರಿನದು ಏನೂ ಇಲ್ಲ.

ಮರಳು ನಿಂತಲ್ಲಿ ನಿಲ್ಲುತ್ತದೆಯೇ?
ಚಳಿಗಾಲ ಕಳೆಯುವಷ್ಟರಲ್ಲಿ ಹಂದಿಬೆನ್ನು
ಕಾಲು ಮೈಲು ಕೆಳಕ್ಕೆ ಸರಿದಿರುತ್ತಿತ್ತು.
ಹೆಸರೂ ಸಾಕಿದ ನಾಯಿಯಂತೆ ಅದರ ಹಿಂದೆ.

ಏರಿ ಕಟ್ಟಿದ್ದು ಯಾರು?
ಮಠದ ಸನ್ಯಾಸಿಗಳಂತೆ. ಅದಕ್ಕೂ ಮುಂಚೆ ರೋಮಿನವರಂತೆ.
ಆಬ್ರಿಯನ್ನು ಕೇಳಿದರೆ, ಅವನಜ್ಜಿ.
ಒಲೆಯ ಬೂದಿ, ಒಡೆದ ಬಸಿ, ಕುರಿಯ ಮೂಳೆ,
ಕೆಟ್ಟು ನಿಂತ ಒಂದು ಹೊಲಿಗೆಯಂತ್ರ,
ಎಲ್ಲವನ್ನೂ ತಳ್ಳುಗಾಡಿಯಲ್ಲಿ ತಂದು ಸುರಿದವಳು.
ಮನೆಗಿಷ್ಟು ಮಾರು ಏರಿ ಅಂತ ಲೆಕ್ಕವಿತ್ತು.
ಯಾರ ಪಾಲಿನ ಮಾರಿನಲ್ಲಿ ನೀರು ಒಳನುಗ್ಗಿತೋ
ಆ ಮನೆಗೆ ಹೆಣ್ಣು ಕೊಡುವವರಿರಲಿಲ್ಲ.
ಮೇಲೆ ವಿಲೋ ನೆಟ್ಟರು,
ಬೇರು ಮಣ್ಣಿಗೆ, ಕೊಂಬೆ ಬುಟ್ಟಿಗೆ.

ಅವನ ಬಾಗಿಲ ಕಂಬದಲ್ಲಿ ಚಾಕುವಿನ ಗೀರುಗಳು:
ರೋವೀನಾ, ಆರು ವರ್ಷ. ಡೆನ್ಜಿಲ್, ಒಂಬತ್ತು.
ಹೊಳೆ, ನಲವತ್ತೇಳು.
ಅದು ನನ್ನ ಎದೆಮಟ್ಟಕ್ಕೆ.
ನಮ್ಮಪ್ಪನಿಗೆ ಆ ಇಸವಿ ಅಂದರೆ ಬಾವುಟ, ಬೀದಿಯಲ್ಲಿ ಹಂಚಿದ ಸಕ್ಕರೆ.
ಇವರಿಗೆ, ಮಾಡಿನ ಮೇಲೆ ಮೂರು ದಿನ ಕೂತ ಕೋಳಿಗಳು.

ತೊಂಬತ್ತರ ಫೆಬ್ರವರಿಯಲ್ಲಿ
ಏರಿಯ ಕೆಳಗಿನ ಅಡ್ಡದಾರಿ ಹಿಡಿದವಳ
ಎಡಗಾಲಿನ ಬೂಟನ್ನು ಕೆಸರು ನುಂಗಿತು.
ಕುಂಟುತ್ತ, ಕಾಲ್ಚೀಲದಲ್ಲೇ ಹೋಗಿ ಪಟ್ಟಿ ಕಟ್ಟಿದೆ.
ಅವನು ನಕ್ಕ ನಗೆಗೆ ಹುಣ್ಣು ಮಾಯಬೇಕಿತ್ತು.
ಮಾಯಲಿಲ್ಲ.
ಮರುವರ್ಷ ಅವನಿಲ್ಲ. ಬಲೆ ಪಬ್ಬಿನ ಗೋಡೆ ಏರಿತು,
ಅದರ ಪಕ್ಕ ಡಾರ್ಟ್ಸ್ ಹಲಗೆ.

ನಾನೂ ರಿಟೈರಾಗಿ ಊರು ಬಿಟ್ಟು ಬಹಳ ದಿನ.
ಹೋದ ವಾರ ಯಾಕೋ ಹೋಗಿದ್ದೆ.
ಏರಿಯ ಮೇಲೊಬ್ಬ ಹುಡುಗ, ಮೂಗಿನ ತುಂಬ ನಸುಮಚ್ಚೆ.
ಅಲ್ಲಿ ಇಳೀಬೇಡಿ, ಅದು ನರ್ಸಿನ ಬೂಟು, ಅಂದ.
ಹಾಗಂದರೆ?
ಹಿಂದೆ, ತುಂಬ ಹಿಂದೆ, ಯುದ್ಧದ ಕಾಲದಲ್ಲಿ
ಹೆರಿಗೆಗೆಂದು ರಾತ್ರಿ ಹೊರಟ ನರ್ಸು
ಅಲ್ಲೇ ಮುಳುಗಿಹೋದಳಂತೆ.
ಬೂಟೊಂದು ಸಿಕ್ಕಿತಂತೆ.

ಮಗು? ಅಂದೆ.

ಬದುಕಿತು, ಅಂದ.
ನಮ್ಮ ಮುತ್ತಜ್ಜಿ ಅದು.

ಅವನು ತೋರಿಸಿದ ದಾರಿಯಲ್ಲೇ
ಸುತ್ತಿ ಹೋದೆ.